ಅಗೆಯಬಾರದು

ರಾತ್ರಿ ಹನ್ನೊಂದರಿಂದ ಬೆಳಗಿನ ಏಳರವರೆಗೆ
ಅಗೆಯುವುದೇ ನನ್ನ ಕೆಲಸ.
ಡುಲುತ್ ಊರಿನ ಏರು ಬೀದಿಗಳಲ್ಲಿ
ಹಿಮದ ಹೊಟ್ಟೆ ಸೀಳುತ್ತ ಹೋಗುತ್ತದೆ ಲಾರಿ,
ಹಿಂದಿನಿಂದ ಉಪ್ಪು ಚೆಲ್ಲುತ್ತ.
ಯಾರದೋ ಮೆಟ್ಟಿಲು, ಯಾರದೋ ಕಾರಿನ ಮೂತಿ
ಒಂದೊಂದೇ ಬೆಳಕಿಗೆ ಬರುತ್ತವೆ.

ಮನೆಗೆ ಬಂದರೆ
ಫ್ರಿಜ್ಜಿನ ಮೇಲೆ ಮಗಳ ಚೀಟಿ:
ಅಗೆಯಬಾರದು ಅಪ್ಪಾ, ಏನೇ ಆದರೂ.
ಕೆಳಗೆ ಎರಡು ಸಲ ಗೆರೆ.

ಮಾರಿಟ್ ತಂದದ್ದು ಎರಡು.
ಬೇಸಿಗೆಯಲ್ಲಿ ಅವಳಮ್ಮನ ಜೊತೆ ಕಡಲಿಗೆ ಹೋದಾಗ
ತಂತಿ ಪಂಜರದ ಅಂಗಡಿಯಲ್ಲಿ ಕೊಂಡದ್ದು.
ಹೆಸರಿಗೆ ಸನ್ಯಾಸಿ ಏಡಿ,
ನೋಡಿದರೆ ಬೆನ್ನ ಮೇಲೆ ಮನೆ,
ಮನೆಗೆ ಫುಟ್‌ಬಾಲ್ ತಂಡದ ನೇರಳೆ ಬಣ್ಣ.
ಎಂಥ ಸನ್ಯಾಸವೋ!
ಮೇಯರ್ ಒಂಬತ್ತು ದಿನ ಬದುಕಿದ.
ಉಳಿದವಳು ಗುಂಡಿ,
ಅಂಗಿಯ ಗುಂಡಿಯಷ್ಟೇ ಇದ್ದಳು ಅಂತ ಆ ಹೆಸರು.

ಅಮ್ಮನ ಮನೆಯಲ್ಲಿ ಬೆಕ್ಕಿದೆ. ಹಾಗಾಗಿ
ಗಾಜಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು.
ಒಂದು ಗೇಣು ಒದ್ದೆ ಮರಳು,
ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು.
ಇಲ್ಲಿನ ಲೆಕ್ಕದಲ್ಲಿ ಎಂಬತ್ತು ಡಿಗ್ರಿ ಬಿಸಿ,
ನೂರಕ್ಕೆ ಎಂಬತ್ತು ತೇವ.
ಎರಡು ಬಟ್ಟಲು: ಒಂದು ಸಿಹಿನೀರು, ಒಂದು ಉಪ್ಪುನೀರು.
ಕಿಟಕಿಯಾಚೆ ಕಣ್ಣು ಸೋಲುವಷ್ಟು ಸರೋವರ,
ಅಲೆಯೂ ಉಂಟು, ಹಡಗೂ ಉಂಟು,
ಉಪ್ಪು ಮಾತ್ರ ಇಲ್ಲ.
ರಾತ್ರಿಯಿಡೀ ಟನ್ನುಗಟ್ಟಲೆ ಸುರಿದು ಬಂದ ಕೈ
ಬೆಳಿಗ್ಗೆ ಚಮಚ ಅಳೆದು
ಬಟ್ಟಲಲ್ಲಿ ಕಡಲು ಕಲಸುತ್ತದೆ.
(ರಸ್ತೆಯ ಉಪ್ಪಲ್ಲ. ಅದಕ್ಕೂ ಒಂದು ಚೀಟಿ ಇದೆ.)

ಡಿಸೆಂಬರಿನ ಒಂದು ರಾತ್ರಿ
ಗುಂಡಿ ತನ್ನ ಗುಂಡಿ ತಾನೇ ತೋಡಿಕೊಂಡು ಇಳಿದಳು.
ಪೊರೆ ಕಳಚುವುದಂತೆ.
ಕತ್ತಲಲ್ಲಿ, ಒಬ್ಬಳೇ, ಹಳೆಯ ಮೈ ಬಿಟ್ಟು,
ಬಿಟ್ಟದ್ದನ್ನೇ ತಿಂದು ಗಟ್ಟಿಯಾಗುವುದಂತೆ.
ಎಷ್ಟು ದಿನ? ತಿಂಗಳೂ ಆದೀತು, ಮೂರೂ ಆದೀತು.
ಸತ್ತಿದ್ದರೆ?
ಕೊಳೆತ ಮೀನಿನ ನಾತ ಬರುತ್ತೆ ಅಪ್ಪಾ, ಮೂಸಿ ನೋಡು.

ಮೂಸಿದೆ. ದಿನವೂ ಬೂಟು ಬಿಚ್ಚುವ ಮುಂಚೆ
ಮುಚ್ಚಳ ಸರಿಸಿ ಮೂಗು ತೂರಿಸಿದೆ.
ನೆಗಡಿಯಾದ ವಾರ ಎದುರುಮನೆಯ ಓಡಿಲ್‌ಳನ್ನು ಕರೆದೆ.
ಅವಳು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಉಸಿರೆಳೆದು
ನೆಲಮಾಳಿಗೆ ವಾಸನೆ, ಆರ್ನೆ, ಅಷ್ಟೇ ಅಂದಳು.
ಕಾಫಿ ಕುಡಿದು ಹೋದಳು.

ನಲವತ್ತನೇ ದಿನ ಕರೆಂಟು ಹೋಯಿತು.
ಬಿಸಿನೀರಿನ ಬಾಟಲಿಗಳನ್ನು ಕಾಲುಚೀಲಕ್ಕೆ ತುಂಬಿ
ಪೆಟ್ಟಿಗೆಯ ಸುತ್ತ ಒರಗಿಸಿದೆ,
ಮೇಲೆ ನನ್ನ ಕೆಲಸದ ಕೋಟು.
ಕಾವಲು ಕೂತಿದ್ದು ಮರಳಿಗೋ ಜೀವಕ್ಕೋ ತಿಳಿಯದು.
ಒಂದು ಚಮಚ ಸಾಕು, ಮೂಲೆಯಲ್ಲಿ ಸ್ವಲ್ಪವೇ
ಕೆದಕಿದರೆ ಯಾರಿಗೆ ಗೊತ್ತಾಗುತ್ತದೆ?
ಚಮಚ ಕೈಯಲ್ಲಿತ್ತು.
ಹಿಂದೊಮ್ಮೆ ಅವಳಮ್ಮ ಮಾತು ಬಿಟ್ಟು ಕೂತಿದ್ದಾಗ
ಯಾಕೆ, ಏನು, ಹೇಳು, ಈಗಲೇ ಹೇಳು ಎಂದು
ನಾನು ಅಗೆದಿದ್ದೆ.
ಚಮಚವನ್ನು ಸಕ್ಕರೆ ಡಬ್ಬಿಗೆ ಹಾಕಿದೆ.

ಎಪ್ಪತ್ತೊಂದನೇ ಬೆಳಿಗ್ಗೆ
ಮರಳಿನ ಮೇಲೆ ಹೊಲಿಗೆ ಬಿಟ್ಟಂಥ ಜಾಡು.
ನೇರಳೆ ಮನೆ ಖಾಲಿ, ಬಾಯಿ ಮೇಲಾಗಿ ಬಿದ್ದಿತ್ತು.
ಆಲೂಗಡ್ಡೆ ಪಾತ್ರೆಯಲ್ಲಿ ನಾನು ಕುದಿಸಿಟ್ಟಿದ್ದ
ಬಣ್ಣವಿಲ್ಲದ ಶಂಖದಿಂದ
ಹೊಸ ಕಾಲು, ಹಸಿ ಕಿತ್ತಳೆ,
ಎರಡು ಕಡ್ಡಿಗಣ್ಣು.
ಲಾರಿ ಮಾತಾಡುವವನು ನಾನು; ದನಿಯೇ ಬರಲಿಲ್ಲ.

ಫೋನು ಮಾಡಲಿಲ್ಲ. ಶನಿವಾರ ಬರಲಿ ಎಂದು ಕಾದೆ.
ಬಸ್ಸಿಳಿದು ಬಂದವಳು
ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು
ಗಾಜಿನ ಮುಂದೆ ಮಂಡಿಯೂರಿದಳು. ಬಹಳ ಹೊತ್ತು.
ಅಗೆದೆಯಾ?
ಇಲ್ಲ.
ನಂಬದವಳಂತೆ ಮುಚ್ಚಳ ತೆಗೆದು ಮೂಸಿದಳು,
ಆಮೇಲೆ ನನ್ನ ತೋಳನ್ನೂ.
ನಿನ್ನ ಕೋಟೇ ಸಮುದ್ರದ ವಾಸನೆ, ಅಪ್ಪಾ,
ಒಗೆದುಕೋ.